ನ್ಯೂಟ್ರಿಷನಲ್ ಯೀಸ್ಟ್: ಹಳದಿ ಚೂರಿನಲ್ಲಿ ಇರುವುದೇನು, ಬೆರೆಸಿದ್ದೇನು?

ಕೈಕಾಲು ಜೋಮು ಹಿಡಿಯುತ್ತದೆ, ಸುಸ್ತು ಜಾಸ್ತಿ ಎಂದು ಡಾಕ್ಟರ ಬಳಿ ಹೋದರೆ ಈಗ ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ವಿಟಮಿನ್ ಬಿ12 ಕೂಡ ಒಂದು. ಸಸ್ಯಾಹಾರಿಗಳ ಮನೆಯಲ್ಲಿ ರಿಪೋರ್ಟ್ ‘ಕಡಿಮೆ’ ಎಂದು ಬರುವುದೂ ಮಾಮೂಲು. ಆಮೇಲೆ ಸಲಹೆಗಳು ಶುರು. ಮೊಟ್ಟೆ ತಿನ್ನಿ ಎನ್ನುವವರೊಬ್ಬರು, ಇಂಜೆಕ್ಷನ್ ತಗೊಳ್ಳಿ ಎನ್ನುವವರು ಇನ್ನೊಬ್ಬರು. ಇತ್ತೀಚೆಗೆ ಈ ಪಟ್ಟಿಗೆ ಹೊಸದೊಂದು ಸೇರಿದೆ. ‘ನ್ಯೂಟ್ರಿಷನಲ್ ಯೀಸ್ಟ್ ತರಿಸಿ, ಪಕ್ಕಾ ಸಸ್ಯಾಹಾರ, ಬಿ12 ತುಂಬಾ ಇದೆ’ ಎಂದು ಯಾವುದೋ ವಿಡಿಯೋ ಹೇಳುತ್ತದೆ. ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ಹಳದಿ ಚೂರುಗಳ ಡಬ್ಬ ಸಿಗುತ್ತದೆ. ಬೆಲೆ ನೋಡಿದರೆ ಬಾದಾಮಿಯೇ ವಾಸಿ ಅನ್ನಿಸುತ್ತದೆ.

ಯೀಸ್ಟ್ ಅಂದರೆ ಬ್ರೆಡ್ ಉಬ್ಬಿಸುವುದು ಅಲ್ವಾ, ಅದನ್ನು ಚಮಚದಲ್ಲಿ ತಿನ್ನುವುದೇ ಎಂಬ ಅನುಮಾನ ಸಹಜ. ತಿನ್ನಬಹುದು. ಆದರೆ ಆ ಡಬ್ಬದಲ್ಲಿರುವ ಎಲ್ಲವೂ ಯೀಸ್ಟಿನ ಸ್ವಂತದ್ದಲ್ಲ. ಬಿ12 ಅಂತೂ ಅಲ್ಲವೇ ಅಲ್ಲ.

ಯೀಸ್ಟ್ ಒಂದೇ, ಕೆಲಸ ಬೇರೆ ಬೇರೆ

ಯೀಸ್ಟ್ ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ. ಅದು ಶಿಲೀಂಧ್ರ, ಅಣಬೆಯ ದೂರದ ನೆಂಟ. ಒಂದು ಯೀಸ್ಟ್ ಅಂದರೆ ಒಂದೇ ಒಂದು ಜೀವಕೋಶ, ಮೈಕ್ರೋಸ್ಕೋಪ್ ಇಲ್ಲದೆ ಕಾಣದಷ್ಟು ಚಿಕ್ಕದು. ಸಕ್ಕರೆ ಅದರ ಊಟ. ಗಾಳಿ ಸಾಲದ ಕಡೆ ಸಕ್ಕರೆ ತಿಂದರೆ ಅದು ಎರಡು ವಸ್ತು ಹೊರಬಿಡುತ್ತದೆ: ಕಾರ್ಬನ್ ಡೈಆಕ್ಸೈಡ್ ಅನಿಲ ಮತ್ತು ಆಲ್ಕೋಹಾಲ್. ಬೇಕರಿಯವರಿಗೆ ಬೇಕಾದದ್ದು ಅನಿಲ, ಬಿಯರ್ ಮಾಡುವವರಿಗೆ ಬೇಕಾದದ್ದು ಆಲ್ಕೋಹಾಲ್. ಮಂಗಳೂರು ಕಡೆ ಕಳ್ಳು ಹಾಕಿ ಸನ್ನ ಉಬ್ಬಿಸುತ್ತಾರಲ್ಲ, ಅಲ್ಲೂ ಕೆಲಸ ಮಾಡುವುದು ಕಳ್ಳಿನಲ್ಲಿರುವ ಯೀಸ್ಟೇ. ಇಡ್ಲಿ ಹಿಟ್ಟು ಹುದುಗುವುದು ಮಾತ್ರ ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳಿಂದ.

ಬ್ರೆಡ್, ಬಿಯರ್, ನ್ಯೂಟ್ರಿಷನಲ್ ಯೀಸ್ಟ್ ಮೂರಕ್ಕೂ ಸಾಮಾನ್ಯವಾಗಿ ಬಳಸುವುದು ಒಂದೇ ಜಾತಿ. ವಿಜ್ಞಾನಿಗಳು ಅದನ್ನು ಸ್ಯಾಕರೋಮೈಸಿಸ್ ಸೆರೆವಿಸಿಯೆ ಎನ್ನುತ್ತಾರೆ. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಬೇಕರಿ ಯೀಸ್ಟ್ ಜೀವಂತ. ಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ ಸಿಕ್ಕರೆ ಎದ್ದು ಕೆಲಸ ಶುರು ಮಾಡುತ್ತದೆ. ಬಿಯರ್ ತಯಾರಾದ ಮೇಲೆ ತಳದಲ್ಲಿ ಉಳಿಯುವುದು ಬ್ರೂವರ್ಸ್ ಯೀಸ್ಟ್. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅದಕ್ಕೆ ಅಂಟಿಕೊಂಡಿರುತ್ತದೆ. ನ್ಯೂಟ್ರಿಷನಲ್ ಯೀಸ್ಟನ್ನು ತಿನ್ನುವುದಕ್ಕೆಂದೇ ಬೆಳೆಸಿ, ಕೊನೆಗೆ ಬಿಸಿ ಮಾಡಿ ಸಾಯಿಸಿರುತ್ತಾರೆ. ಸತ್ತ ಯೀಸ್ಟ್ ಹಿಟ್ಟನ್ನು ಉಬ್ಬಿಸುವುದಿಲ್ಲ, ಹೊಟ್ಟೆಯಲ್ಲಿ ಬೆಳೆಯುವುದೂ ಇಲ್ಲ.

ಮೆಡಿಕಲ್ ಶಾಪಿನಲ್ಲಿ ಭೇದಿಗೆ ಕೊಡುವ ಒಂದು ಬಗೆಯ ಯೀಸ್ಟ್ ಪುಡಿಯೂ ಇದೆ. ಅದು ಬೇರೆ. ಅದರಲ್ಲಿರುವುದು ಬೌಲಾರ್ಡಿ ಎಂಬ ತಳಿ, ಅದು ಜೀವಂತವಾಗಿದ್ದರೇ ಉಪಯೋಗ. ಹಾಗಾಗಿ ನ್ಯೂಟ್ರಿಷನಲ್ ಯೀಸ್ಟನ್ನು ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿ, ಎಂದು ಮಾರುವವರ ಮಾತು ನಂಬಬೇಡಿ. ಇಂಗ್ಲೆಂಡಿನ ಮಾರ್ಮೈಟ್‌ನಂಥ ಕಪ್ಪು ಲೇಹ್ಯವೂ ಇದಲ್ಲ. ಅದು ಯೀಸ್ಟಿನ ಸಾರ: ಜೀವಕೋಶದ ಹೊರಗೋಡೆ ತೆಗೆದು, ಒಳಗಿನ ರಸವನ್ನಷ್ಟೇ ಗಟ್ಟಿ ಮಾಡಿದ್ದು. ಅದರಲ್ಲಿ ಉಪ್ಪು ಜಾಸ್ತಿ. ನ್ಯೂಟ್ರಿಷನಲ್ ಯೀಸ್ಟ್ ಗೋಡೆ ಸಮೇತ ಇಡೀ ಜೀವಕೋಶ. ಉಪ್ಪು ಬೆರೆಸದಿದ್ದರೆ ಅದರಲ್ಲಿ ಸೋಡಿಯಂ ತೀರಾ ಕಡಿಮೆ.

ಕಾಕಂಬಿಯಿಂದ ಡಬ್ಬದವರೆಗೆ

ಮಂಡ್ಯ, ಬೆಳಗಾವಿ ಕಡೆಯವರಿಗೆ ಕಾಕಂಬಿ ಏನೆಂದು ಹೇಳಬೇಕಿಲ್ಲ. ಕಬ್ಬಿನ ರಸದಿಂದ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು, ಅಂಟಾದ ದ್ರವ. ನಮ್ಮಲ್ಲಿ ಅದು ಹೆಚ್ಚಾಗಿ ಡಿಸ್ಟಿಲರಿಗಳಿಗೆ ಹೋಗುತ್ತದೆ. ಯೀಸ್ಟ್ ಕಾರ್ಖಾನೆಗಳಿಗೂ ಅದೇ ಮುಖ್ಯ ಕಚ್ಚಾವಸ್ತು. ತಣ್ಣನೆಯ ದೇಶಗಳಲ್ಲಿ ಬೀಟ್ ಸಕ್ಕರೆಯ ಕಾಕಂಬಿ ಬಳಸುತ್ತಾರೆ.

ಡಿಸ್ಟಿಲರಿಯಲ್ಲಿ ಕಾಕಂಬಿಗೆ ಯೀಸ್ಟ್ ಹಾಕಿದರೆ ಆಲ್ಕೋಹಾಲ್ ಆಗುತ್ತದೆ. ಇಲ್ಲೂ ಹಾಕುವುದು ಅದನ್ನೇ, ಆದರೂ ಆಲ್ಕೋಹಾಲ್ ಆಗುವುದಿಲ್ಲ. ಗುಟ್ಟು ಗಾಳಿಯಲ್ಲಿದೆ. ದೊಡ್ಡ ತೊಟ್ಟಿಯ ತಳದಿಂದ ಜೋರಾಗಿ ಗಾಳಿ ಊದುತ್ತಾರೆ. ಕಾಕಂಬಿಯನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಆಮ್ಲಜನಕ ಧಾರಾಳ, ಸಕ್ಕರೆ ಹಿತಮಿತ ಇದ್ದಾಗ ಯೀಸ್ಟ್ ಆಲ್ಕೋಹಾಲ್ ಮಾಡುವ ಗೋಜಿಗೆ ಹೋಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ತನ್ನ ಮೈ ಬೆಳೆಸುವುದಕ್ಕೆ, ಮರಿ ಹಾಕುವುದಕ್ಕೆ ಬಳಸುತ್ತದೆ. ತಾಯಿಕೋಶದ ಪಕ್ಕದಲ್ಲಿ ಮೊಗ್ಗಿನಂಥ ಗುಬುಟು ಮೂಡಿ, ಬೆಳೆದು, ಬೇರೆಯಾಗುತ್ತದೆ. ಅನುಕೂಲ ಚೆನ್ನಾಗಿದ್ದರೆ ಒಂದೂವರೆ ಎರಡು ಗಂಟೆಗೊಮ್ಮೆ ಸಂಖ್ಯೆ ಇಮ್ಮಡಿ.

ಬೇಕಾದಷ್ಟು ಬೆಳೆದ ಮೇಲೆ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಯೀಸ್ಟನ್ನು ಬೇರ್ಪಡಿಸುತ್ತಾರೆ. ತೊಳೆದು, ಬಿಸಿ ಮಾಡುತ್ತಾರೆ. ಅಲ್ಲಿಗೆ ಅದರ ಜೀವ ಮುಗಿಯಿತು. ಈ ಗಟ್ಟಿ ಗಂಜಿಯನ್ನು ಕಾದ ಉರುಳೆಗಳ ಮೇಲೆ ತೆಳ್ಳಗೆ ಹರಡಿ ಒಣಗಿಸಿದರೆ ಹಾಳೆಯಂತೆ ಏಳುತ್ತದೆ. ಪುಡಿ ಮಾಡಿದರೆ ಹಳದಿ ಚೂರು. ವಿಟಮಿನ್ ಬೆರೆಸುವುದಿದ್ದರೆ ಸಾಮಾನ್ಯವಾಗಿ ಒಣಗಿಸುವ ಮುಂಚೆ ಬೆರೆಸುತ್ತಾರೆ. ‘ಬೆರೆಸುವುದಿದ್ದರೆ’ ಎಂಬ ಮಾತನ್ನು ನೆನಪಿಡಿ.

ಬಿ12 ಬಂದದ್ದು ಎಲ್ಲಿಂದ

ಪ್ರಪಂಚದಲ್ಲಿ ಬಿ12 ತಯಾರಿಸಲು ಬರುವುದು ಬ್ಯಾಕ್ಟೀರಿಯಾ ಮತ್ತು ಅವುಗಳಂಥ ಕೆಲವು ಸೂಕ್ಷ್ಮಜೀವಿಗಳಿಗೆ ಮಾತ್ರ. ಗಿಡಕ್ಕೆ ಬರುವುದಿಲ್ಲ, ಪ್ರಾಣಿಗೆ ಬರುವುದಿಲ್ಲ, ಯೀಸ್ಟಿಗೂ ಬರುವುದಿಲ್ಲ. ಹಸುವಿನ ಹಾಲಿನಲ್ಲಿ ಬಿ12 ಇರುವುದು ಹಸು ಮಾಡಿದ್ದರಿಂದ ಅಲ್ಲ, ಅದರ ಹೊಟ್ಟೆಯ ಮೊದಲ ಚೀಲದಲ್ಲಿ ವಾಸವಿರುವ ಬ್ಯಾಕ್ಟೀರಿಯಾಗಳು ಮಾಡಿದ್ದರಿಂದ. ಯೀಸ್ಟಿನ ಕಥೆ ಇನ್ನೂ ವಿಚಿತ್ರ. ಬಿ12 ಇಲ್ಲದೆ ನಮಗೆ ನಡೆಯದ ಒಂದು ರಾಸಾಯನಿಕ ಕೆಲಸವನ್ನು ಅದು ಬಿ12 ಇಲ್ಲದೆಯೇ ಮಾಡಿಕೊಳ್ಳುತ್ತದೆ. ತನಗೇ ಬೇಡವಾದದ್ದನ್ನು ಕೂಡಿಡುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಡಬ್ಬದ ಮೇಲೆ ಬರೆದಿರುವ ಬಿ12? ಅದನ್ನು ಕಾರ್ಖಾನೆಯಲ್ಲಿ ಬೆರೆಸಿದ್ದು. ಉಪ್ಪಿಗೆ ಅಯೋಡಿನ್ ಸೇರಿಸುತ್ತಾರಲ್ಲ, ಹಾಗೆಯೇ. ಉಪ್ಪು ತಿಂದರೆ ಅಯೋಡಿನ್ ಸಿಗುತ್ತದೆ ಎನ್ನುವುದು ಪ್ಯಾಕೆಟ್ಟಿನ ಉಪ್ಪಿಗೆ ಸರಿ, ಅಯೋಡಿನ್ ಸೇರಿಸದ ಕಲ್ಲುಪ್ಪಿಗೆ ಸರಿಯಲ್ಲ. ಯೀಸ್ಟ್ ಕೂಡ ಹಾಗೆ. ಬಿ12 ಸೇರಿಸಿದ ಡಬ್ಬದಲ್ಲಿ ಇದೆ, ಸೇರಿಸದ ಡಬ್ಬದಲ್ಲಿ ಇಲ್ಲ. ಬಣ್ಣ, ರುಚಿ, ವಾಸನೆ ನೋಡಿ ಎರಡನ್ನೂ ಬೇರೆ ಮಾಡಲಾಗದು.

ಬೆರೆಸಿದ್ದು ಅಂದಮಾತ್ರಕ್ಕೆ ಅದು ಕಳಪೆಯೇನಲ್ಲ. ಆ ಬಿ12 ಅನ್ನೂ ದೊಡ್ಡ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿಯೇ ಪಡೆಯುತ್ತಾರೆ. ಪ್ರಯೋಗಾಲಯದಲ್ಲಿ ಮೊದಲಿನಿಂದ ಕಟ್ಟಲು ಹೋದರೆ ಎಷ್ಟು ಕಷ್ಟ ಎಂದರೆ, ವುಡ್‌ವರ್ಡ್ ಮತ್ತು ಎಶೆನ್‌ಮೋಸರ್ ಎಂಬ ಇಬ್ಬರು ದಿಗ್ಗಜರ ತಂಡಗಳು ಸೇರಿ ವರ್ಷಗಟ್ಟಲೆ ದುಡಿದ ಮೇಲೆ, 1970ರ ದಶಕದ ಆರಂಭದಲ್ಲಷ್ಟೇ ಅದು ಕೈಗೂಡಿತು. ಬ್ಯಾಕ್ಟೀರಿಯಾ ಅದನ್ನು ಸುಮ್ನೆ ಮಾಡಿಕೊಡುತ್ತದೆ. ಹಾಗಾಗಿ ಹಾಲು, ಮೊಸರನ್ನೂ ಬಿಟ್ಟ ವೀಗನ್ನರಿಗೂ ಈ ಬಿ12 ಅಡ್ಡಿಯಿಲ್ಲ.

ಎಷ್ಟು ಬೇಕು? ದೊಡ್ಡವರಿಗೆ ದಿನಕ್ಕೆ ಸುಮಾರು 2ರಿಂದ 2.5 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಅಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ. ದೊಡ್ಡ ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಒಂದು ಮೈಕ್ರೋಗ್ರಾಂ ಇರುತ್ತದೆ. ಬಿ12 ಸೇರಿಸಿದ ಯೀಸ್ಟಿನ ಒಂದೆರಡು ಚಮಚದಲ್ಲಿ, ಬ್ರ್ಯಾಂಡ್ ನೋಡಿಕೊಂಡು, ಇಡೀ ದಿನದ ಅಗತ್ಯದ ಹಲವು ಪಟ್ಟು ಇರಬಹುದು.

ಆದರೆ ಇದ್ದದ್ದೆಲ್ಲ ಮೈಗೆ ಸೇರುವುದಿಲ್ಲ. ಬಿ12 ಅನ್ನು ಕರುಳಿನಿಂದ ರಕ್ತಕ್ಕೆ ದಾಟಿಸಲು ಹೊಟ್ಟೆಯ ಗೋಡೆ ಒಂದು ವಿಶೇಷ ಪ್ರೋಟೀನನ್ನು ಸುರಿಸುತ್ತದೆ. ಒಂದು ಸಲಕ್ಕೆ ಅದು ದಾಟಿಸಬಲ್ಲದ್ದು ಒಂದೂವರೆ ಎರಡು ಮೈಕ್ರೋಗ್ರಾಂ ಅಷ್ಟೇ. ಮಿಕ್ಕಿದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ತಾನಾಗಿ ಒಳಗೆ ಜಿನುಗುತ್ತದೆ. ಭಾನುವಾರ ಒಂದೇ ಸಲ ನಾಲ್ಕು ಚಮಚ ತಿನ್ನುವುದಕ್ಕಿಂತ ದಿನಾ ಅರ್ಧ ಚಮಚ ತಿನ್ನುವುದು ಮೇಲು ಎನ್ನುವುದು ಇದಕ್ಕೇ.

ಕೊರತೆ ಇದೆ ಎಂದು ಗೊತ್ತಾದ ಮೇಲೆ ಬರೀ ಯೀಸ್ಟ್ ನಂಬಿ ಕೂರಬಾರದು ಎನ್ನುವುದಕ್ಕೂ ಇದೇ ಕಾರಣ. ಡಾಕ್ಟರು ಕೊಡುವ ಮಾತ್ರೆಯಲ್ಲಿ 500, 1000, 1500 ಮೈಕ್ರೋಗ್ರಾಂ ಇರುತ್ತದೆ. ನೂರಕ್ಕೆ ಒಂದು ಪಾಲು ಜಿನುಗಿದರೂ ಖಾಲಿಯಾದ ಉಗ್ರಾಣ ತುಂಬುವಷ್ಟು ಸಿಗಲಿ ಎಂಬ ಲೆಕ್ಕ ಅದು. ಕೆಲವರಲ್ಲಿ ಆ ದಾಟಿಸುವ ಪ್ರೋಟೀನೇ ಇರುವುದಿಲ್ಲ. ಅಂಥವರು ಯೀಸ್ಟ್ ಎಷ್ಟು ತಿಂದರೂ ಅಷ್ಟಕ್ಕಷ್ಟೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಬಿ12 ಇಳಿಯುವುದುಂಟು. ಉಗ್ರಾಣ ತುಂಬಿದ ಮೇಲೆ ಮತ್ತೆ ಇಳಿಯದಂತೆ ನೋಡಿಕೊಳ್ಳಲು ಬಿ12 ಸೇರಿಸಿದ ಯೀಸ್ಟ್ ಒಳ್ಳೆಯ ದಾರಿ. ಚಿಕಿತ್ಸೆ ಮಾತ್ರ ಅದಲ್ಲ.

ಯೀಸ್ಟಿನ ಸ್ವಂತ ಆಸ್ತಿ

ಹಾಗಂತ ಯೀಸ್ಟ್ ಬಡಪಾಯಿಯೇನಲ್ಲ. ಬಿ12 ಬಿಟ್ಟು ಬಿ ಗುಂಪಿನ ಬಹುತೇಕ ವಿಟಮಿನ್‌ಗಳು ಅದರಲ್ಲಿ ಹುಟ್ಟಿನಿಂದಲೇ ಇವೆ. ಅವುಗಳಲ್ಲಿ ಎರಡರ ಕಥೆ ನಮ್ಮ ನೆಲಕ್ಕೂ ತಾಗುತ್ತದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿಯುವ ಬಡ ಹೆಂಗಸರು ಬಸುರಿಯಾದಾಗ ತೀವ್ರ ರಕ್ತಹೀನತೆಗೆ ತುತ್ತಾಗುತ್ತಿದ್ದರು. ಕಾರಣ ತಿಳಿದಿರಲಿಲ್ಲ. ವಿಲ್ಸ್ ಮುಂಬೈಯಲ್ಲೂ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಆ ಹೆಂಗಸರು ಉಣ್ಣುವಂಥದ್ದೇ ಊಟವನ್ನು ಪ್ರಯೋಗದ ಪ್ರಾಣಿಗಳಿಗೆ ಹಾಕಿ ನೋಡಿದರು. ಅವಕ್ಕೂ ರಕ್ತಹೀನತೆ ಬಂತು. ಕೊನೆಗೆ ಗುಣ ಕೊಟ್ಟದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ. ಹೆಂಗಸರಿಗೂ ಕೊಟ್ಟರು, ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಆ ಗುಣ ಕೊಟ್ಟ ವಸ್ತು ಯಾವುದೆಂದು ಆಗ ಗೊತ್ತಿರಲಿಲ್ಲ, ‘ವಿಲ್ಸ್ ಅಂಶ’ ಎಂದು ಕರೆದರು. ಹತ್ತು ವರ್ಷದ ಮೇಲೆ ಪಾಲಕ್ ಸೊಪ್ಪಿನಿಂದ ಅದೇ ಬಗೆಯ ವಸ್ತುವನ್ನು ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಅದನ್ನು ಕೃತಕವಾಗಿ ತಯಾರಿಸಿದ್ದು ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ, ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದ ತಂಡ. ಇವತ್ತು ಬಸುರಿಯರಿಗೆ ಕಬ್ಬಿಣದ ಜೊತೆ ಕೊಡುವ ಫೋಲಿಕ್ ಮಾತ್ರೆಯ ಬೇರು ಆ ಯೀಸ್ಟ್ ಸಾರದಲ್ಲಿದೆ.

ಇನ್ನೊಂದು ನಯಾಸಿನ್, ಅಂದರೆ ಬಿ3. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬರೀ ಮೆಕ್ಕೆಜೋಳ ತಿಂದು ಬದುಕುವ ಬಡವರಿಗೆ ಪೆಲಾಗ್ರಾ ಬರುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಇದು ಸೋಂಕಲ್ಲ, ಊಟದ ಕೊರತೆ ಎಂದು ತೋರಿಸಿದವರು ಡಾ. ಜೋಸೆಫ್ ಗೋಲ್ಡ್‌ಬರ್ಗರ್. ಕೈಗೆಟುಕುವ ಬೆಲೆಯ ಔಷಧಿ ಎಂದು ಅವರು ಕಂಡುಕೊಂಡದ್ದು ಬ್ರೂವರ್ಸ್ ಯೀಸ್ಟ್. 1927ರ ಮಿಸಿಸಿಪ್ಪಿ ಮಹಾಪ್ರವಾಹದ ಸಂತ್ರಸ್ತರಿಗೆ ರೆಡ್ ಕ್ರಾಸ್ ಅದನ್ನು ಹಂಚಿತು. ನಮ್ಮ ದಖ್ಖನ್ ಪ್ರದೇಶದಲ್ಲೂ ಜೋಳದ ರೊಟ್ಟಿ ಒಂದನ್ನೇ ನೆಚ್ಚಿಕೊಂಡ ಬಡವರಲ್ಲಿ ಪೆಲಾಗ್ರಾ ಕಾಣುತ್ತಿತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಹೊತ್ತಿಗೆ ಅದರ ಬಗ್ಗೆ ಬರೆದರು. ರೊಟ್ಟಿಯ ಜೊತೆ ಬೇಳೆ, ಕಾಳುಪಲ್ಲೆ, ಶೇಂಗಾ ಹಿಂಡಿ, ಮೊಸರು ಇದ್ದವರಿಗೆ ಆ ಭಯವಿಲ್ಲ.

ಈ ಎರಡೂ ಕಥೆಗಳಲ್ಲಿ ಯೀಸ್ಟ್ ಕೆಲಸ ಮಾಡಿದ್ದು ತನ್ನ ಸ್ವಂತ ವಿಟಮಿನ್ನಿನಿಂದ. ಹೊರಗಿನಿಂದ ಏನನ್ನೂ ಬೆರೆಸಿರಲಿಲ್ಲ.

ಪ್ರೋಟೀನ್ ಲೆಕ್ಕ

ಯೀಸ್ಟಿನ ತೂಕದಲ್ಲಿ ಅರ್ಧದಷ್ಟು ಪ್ರೋಟೀನ್. ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ, ಯೀಸ್ಟಿನಲ್ಲಿ ಸುಮಾರು 50. ದೇಹ ತಾನಾಗಿ ಮಾಡಿಕೊಳ್ಳಲಾಗದ ಒಂಬತ್ತು ಅಮೈನೋ ಆಮ್ಲಗಳೂ ಇವೆ. ಅಂಕಿ ನೋಡಿದರೆ ಯೀಸ್ಟ್ ಗೆದ್ದಿತು ಅನ್ನಿಸುತ್ತದೆ. ಆದರೆ ನೂರು ಗ್ರಾಂ ಯೀಸ್ಟ್ ಯಾರು ತಿನ್ನುತ್ತಾರೆ? ಎರಡು ದೊಡ್ಡ ಚಮಚ ಅಂದರೆ 10ರಿಂದ 15 ಗ್ರಾಂ, ಸಿಗುವ ಪ್ರೋಟೀನ್ 5ರಿಂದ 8 ಗ್ರಾಂ. ಒಂದು ಹಿಡಿ ಬೇಳೆ ಬೇಯಿಸಿದರೂ ಅಷ್ಟೇ ಸಿಗುತ್ತದೆ, ತೀರಾ ಕಡಿಮೆ ದುಡ್ಡಿಗೆ. ಬರೀ ಪ್ರೋಟೀನಿಗಾಗಿ ಇದನ್ನು ಕೊಳ್ಳುವುದು ನನಗೆ ದುಬಾರಿ ಶೋಕಿಯಾಗಿ ಕಾಣುತ್ತದೆ.

ಜೀವಕೋಶದ ಗೋಡೆಯಲ್ಲಿ ಬೀಟಾ ಗ್ಲೂಕನ್ ಎಂಬ ನಾರಿದೆ. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಡಬ್ಬದ ಮೇಲೆ ಬರೆಯುವುದು ಇದನ್ನೇ ನೆಚ್ಚಿಕೊಂಡು. ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಗೋಡೆಯಿಂದ ಬೇರ್ಪಡಿಸಿ ಶುದ್ಧ ಮಾಡಿದ ಗ್ಲೂಕನ್ ಮೇಲೆ. ಅದರ ಫಲಿತಾಂಶವನ್ನು ಉಪ್ಪಿಟ್ಟಿನ ಮೇಲೆ ಉದುರಿಸಿದ ಅರ್ಧ ಚಮಚಕ್ಕೆ ಹಚ್ಚಲಾಗದು.

ಚೀಸಿನ ರುಚಿ ಬರುವುದು ಹೇಗೆ

ಹಾಲಿನ ಹನಿಯೂ ಇಲ್ಲದೆ ಚೀಸಿನಂಥ ರುಚಿ. ಇದರ ಹಿಂದಿರುವುದು ಗ್ಲುಟಮೇಟ್ ಎಂಬ ಅಮೈನೋ ಆಮ್ಲ. 1908ರಲ್ಲಿ ಜಪಾನಿನ ಕಿಕುನಾಯ್ ಇಕೆಡಾ ಸಮುದ್ರದ ಪಾಚಿಯಿಂದ ಇದನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಯಂತೆ ಇದೂ ಒಂದು ಮೂಲ ರುಚಿ ಎಂದರು, ಉಮಾಮಿ ಎಂದು ಹೆಸರಿಟ್ಟರು. ಹಣ್ಣಾದ ಟೊಮೆಟೊ, ಅಣಬೆ, ಹಳೆಯ ಚೀಸ್ ಎಲ್ಲದರಲ್ಲೂ ಇದಿದೆ. ಯೀಸ್ಟನ್ನು ಬಿಸಿ ಮಾಡುವಾಗ ಅದರ ಪ್ರೋಟೀನು ಸ್ವಲ್ಪ ಒಡೆದು ಗ್ಲುಟಮೇಟ್ ಬಿಡುಗಡೆಯಾಗುತ್ತದೆ. ಅಜಿನೊಮೊಟೊ ಎಂದು ನಾವು ಕರೆಯುವ ಬಿಳಿ ಹರಳಿನಲ್ಲಿರುವುದೂ ಗ್ಲುಟಮೇಟೇ, ಸೋಡಿಯಂ ಜೊತೆ. ಹಾಗಾಗಿ ‘ಇದರಲ್ಲಿ ಅಜಿನೊಮೊಟೊ ಬೆರೆಸಿಲ್ಲ’ ಎನ್ನುವುದು ನಿಜ, ‘ಗ್ಲುಟಮೇಟ್ ಇಲ್ಲ’ ಎನ್ನುವುದು ಸುಳ್ಳು.

ಡಬ್ಬ ಕೊಳ್ಳುವ ಮುಂಚೆ

ಮುಂಭಾಗದ ದೊಡ್ಡ ಅಕ್ಷರ ಬಿಡಿ, ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಯೀಸ್ಟ್ ಒಂದೇ ಇದ್ದರೆ ಬಿ12 ಬೆರೆಸಿಲ್ಲ ಎಂದರ್ಥ. ಸಯನೊಕೊಬಾಲಮಿನ್ ಅಥವಾ ಮೀಥೈಲ್‌ಕೊಬಾಲಮಿನ್ ಎಂದಿದ್ದರೆ ಬೆರೆಸಿದೆ. ಪಕ್ಕದ ಕೋಷ್ಟಕದಲ್ಲಿ ಎಷ್ಟು ಮೈಕ್ರೋಗ್ರಾಂ, ಎಷ್ಟು ಗ್ರಾಂ ಯೀಸ್ಟಿಗೆ ಎಂದು ನೋಡಿಕೊಳ್ಳಿ. ಬಿ1, ಬಿ2ಗಳ ಮುಂದೆ ದಿನದ ಅಗತ್ಯದ ಶೇಕಡಾ ನೂರಾರು ಎಂದು ಕಂಡರೆ ಅವನ್ನೂ ಬೆರೆಸಿದ್ದೇ. ಅಂಥದ್ದನ್ನು ತಿಂದ ದಿನ ಮೂತ್ರ ಎದ್ದು ಕಾಣುವ ಹಳದಿಯಾಗಬಹುದು. ಗಾಬರಿ ಬೇಡ, ಹೆಚ್ಚಾದ ಬಿ2 ಹೊರಹೋಗುವ ಬಗೆ ಅದು.

ಒಂದು ಅಪಾಯದ ಜೋಡಿ ಇದೆ. ಬಿ12 ಇಲ್ಲದ, ಆದರೆ ಫೋಲಿಕ್ ಆಮ್ಲ ಜಾಸ್ತಿ ಇರುವ ಆಹಾರವನ್ನು ಬಿ12 ಕೊರತೆಯವರು ತಿನ್ನುತ್ತಾ ಹೋದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಚೆನ್ನಾಗಿರುತ್ತದೆ. ಒಳಗೆ ನರಗಳಿಗೆ ಆಗುವ ಹಾನಿ ಮಾತ್ರ ನಿಲ್ಲುವುದಿಲ್ಲ. ಬಹಳ ದಿನ ಬಿಟ್ಟರೆ ಅದು ಪೂರ್ತಿ ವಾಸಿಯಾಗದೆಯೂ ಉಳಿಯಬಹುದು. ಅದಕ್ಕೇ ಹಿಮೋಗ್ಲೋಬಿನ್ ನೋಡಿ ಸುಮ್ಮನಾಗದೆ ಬಿ12 ಅನ್ನೇ ಪರೀಕ್ಷಿಸಬೇಕು.

ಯಾರು ಕೇಳಿಕೊಂಡು ತಿನ್ನಬೇಕು

ಆರೋಗ್ಯವಾಗಿರುವವರಿಗೆ ದಿನಕ್ಕೆ ಒಂದೆರಡು ಚಮಚದಿಂದ ತೊಂದರೆಯಿಲ್ಲ. ಒಮ್ಮೆಲೇ ಜಾಸ್ತಿ ತಿಂದರೆ ನಾರಿನಿಂದ ಹೊಟ್ಟೆ ಉಬ್ಬರಿಸಬಹುದು. ಯೂರಿಕ್ ಆಸಿಡ್ ಹೆಚ್ಚಿ ಕೀಲುನೋವು, ಗೌಟ್ ಇರುವವರು ದೂರ ಇರುವುದು ಒಳ್ಳೆಯದು. ಯೀಸ್ಟಿನಲ್ಲಿರುವ ಪ್ಯೂರಿನ್ ದೇಹದಲ್ಲಿ ಯೂರಿಕ್ ಆಸಿಡ್ ಆಗುತ್ತದೆ. ಕರುಳಿನ ಕ್ರೋನ್ಸ್ ಕಾಯಿಲೆಯ ಹಲವರ ರಕ್ತದಲ್ಲಿ ಇದೇ ಯೀಸ್ಟಿನ ವಿರುದ್ಧ ಪ್ರತಿಕಾಯಗಳು ಕಾಣುತ್ತವೆ, ಅವರು ಡಾಕ್ಟರನ್ನು ಕೇಳಬೇಕು. ಖಿನ್ನತೆಗೆ ಎಂಎಒಐ ಗುಂಪಿನ ಹಳೆಯ ಮಾತ್ರೆ ನುಂಗುವವರಿಗೆ ಯೀಸ್ಟ್ ಸಾರದಲ್ಲಿರುವ ಟೈರಮಿನ್ ರಕ್ತದೊತ್ತಡವನ್ನು ದಿಢೀರ್ ಏರಿಸಬಲ್ಲದು, ಅವರು ಈ ಚೂರನ್ನೂ ಕೇಳದೆ ಮುಟ್ಟಬಾರದು. ಮೂತ್ರಪಿಂಡದ ತೊಂದರೆಗೆ ಪಥ್ಯ ಮಾಡುತ್ತಿರುವವರು ಪೊಟ್ಯಾಸಿಯಂ, ರಂಜಕದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು. ನಯಾಸಿನ್ ಹೆಚ್ಚು ಬೆರೆಸಿದ ಯೀಸ್ಟ್ ತಿಂದಾಗ ಕೆಲವರಿಗೆ ಮುಖ, ಕುತ್ತಿಗೆ ಕೆಂಪಾಗಿ ಉರಿಯುವುದುಂಟು. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಮುಂದಿನ ಸಲ ಪ್ರಮಾಣ ಕಡಿಮೆ ಮಾಡಿ.

ಅಡುಗೆಮನೆಯಲ್ಲಿ

ಪಾಶ್ಚಾತ್ಯರು ಇದನ್ನು ಪಾಪ್‌ಕಾರ್ನ್, ಪಾಸ್ತಾ ಮೇಲೆ ಉದುರಿಸುತ್ತಾರೆ. ನಮ್ಮಲ್ಲಿ ಸುಲಭ ದಾರಿ ಚಟ್ನಿಪುಡಿ. ಶೇಂಗಾ ಅಥವಾ ಅಗಸೆ ಚಟ್ನಿಪುಡಿಗೆ ಕಾಲು ಭಾಗ ಬೆರೆಸಿದರೆ ಮನೆಯವರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಒಗ್ಗರಣೆ ಮಂಡಕ್ಕಿ, ಹುರಿದ ಅವಲಕ್ಕಿಗೂ ಹೊಂದುತ್ತದೆ. ತಿಳಿಸಾರಿಗೆ ಹಾಕಿದರೆ ಸಾರು ಮಂದವಾಗುತ್ತದೆ, ನನಗಂತೂ ಹಿಡಿಸಲಿಲ್ಲ. ಟೊಮೆಟೊ ಸೂಪಿಗೆ ಚೆನ್ನ. ಕುದಿಸುವಾಗ ಹಾಕಬೇಡಿ, ಒಲೆ ಆರಿಸಿದ ಮೇಲೆ ಹಾಕಿ. ಬಿ12 ಬಿಸಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಬಿ1 ತಡೆಯುವುದಿಲ್ಲ.

ಬಿ2, ಬಿ12 ಎರಡಕ್ಕೂ ಬೆಳಕು ಆಗದು. ಪಾರದರ್ಶಕ ಡಬ್ಬದಲ್ಲಿ ಕಿಟಕಿ ಪಕ್ಕ ಚೆಂದಕ್ಕೆ ಜೋಡಿಸಿಟ್ಟರೆ ಕೊಟ್ಟ ದುಡ್ಡು ಬಿಸಿಲಿಗೆ ಹೋಗುತ್ತದೆ. ಅಂಗಡಿಯಲ್ಲಿ ಗಾಜಿನ ಭರಣಿಯಿಂದ ತೂಗಿ ಕೊಡುವುದನ್ನೂ ಬಿಟ್ಟುಬಿಡಿ. ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಕಪಾಟಿನೊಳಗೆ ಇಡಿ. ಮಳೆಗಾಲದಲ್ಲಿ ಒದ್ದೆ ಚಮಚ ತಾಗಿದರೆ ಗಂಟು ಕಟ್ಟುತ್ತದೆ.